ಮಿಕ್ಕ ಪುರಿ

ಮಾಯಮ್ಮ ಮೊರದಲ್ಲಿದ್ದ ಪುರಿಗೆ ಚೆಂಡುಹೂವಿನ ಎಸಳು ಬೆರೆಸುತ್ತಿದ್ದಳು. ಜಗಲಿಯಲ್ಲಿ ಗಂಡ ಕೆಂಚಯ್ಯನ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ನಿನ್ನೆ ಸಂಜೆ ಹೊಳೆಯ ಮಡುವಿಗೆಂದು ಹೊರಟವನು ಹೊಸ್ತಿಲಲ್ಲೇ ಕುಸಿದಿದ್ದ.

“ದಾರೀಗ್ ಎರಚಾಕೆ ಇಷ್ಟು ಸಾಲ್ದು ಕಣಕ್ಕಾ,” ಎಂದ ಪಕ್ಕದ ಮನೆಯ ತಿಮ್ಮಪ್ಪ.

“ಮೀನಿನ್ ಚೀಲ ಅದೆ, ತಕೋ.”

ಮಡುವಿನ ಮೀನಿಗೆಂದು ಕೆಂಚಯ್ಯ ತಂದಿಟ್ಟಿದ್ದ ಪುರಿ ಅದು.

*

ಒಂದು ಕಾಲಕ್ಕೆ ಮಡುವಿಗೆ ಮದ್ದಿನ ತೋಟೆ ಎಸೆದು ಸಿಡಿಸಿ ಮೀನು ಹಿಡಿಯುತ್ತಿದ್ದವನೇ ಕೆಂಚಯ್ಯ. ತೊಂಬತ್ತನಾಲ್ಕರಲ್ಲಿ ತೋಟೆ ಕೈಯಲ್ಲೇ ಸಿಡಿದು ಎರಡು ಬೆರಳು ಹೋದವು. ಅಷ್ಟರಲ್ಲಿ ಮಡುವಿನಲ್ಲಿ ನಾಲ್ಕೈದು ಮೀನಷ್ಟೇ ಉಳಿದಿದ್ದವು. ಗಾಯ ಮಾಯ್ದ ಮೇಲೆ ಮನೆಮನೆಗೆ ಹೋದ. “ದಿನಕ್ಕೊಂದ್ ಮನೆಯೋರು ಒಂದ್ ಹಿಡಿ ಪುರಿ ಆಕ್ರವ್ವ. ಬಲೆ ಮಾತ್ರ ಬ್ಯಾಡ.”

“ಕಾರ, ಈರುಳ್ಳಿನೂ ಕಲಸ್ಕೊಂಡ್ ಬರಾನಾ?” ಎಂದು ನಕ್ಕವನು ತಿಮ್ಮಪ್ಪ. “ಕೋಳಿಗೂ ನಾವೇ ಕಾಳಾಕಾದು. ತಿನ್ನಾಕಿಲ್ವಾ?”

“ಕೋಳಿ ನಿಂದು. ಮೀನು ಊರಿಂದು ಕಣ್ಲಾ.”

ಎರಡು ವರ್ಷಕ್ಕೆ ಮೀನು ಮರಿ ಮಾಡಿದವು. ಊರಿನ ಅರವತ್ತು ಮನೆಗೂ ಪುರಿ ಹಾಕುವ ಸರದಿ ಬಂತು. ತಿಮ್ಮಪ್ಪ ತನ್ನ ಸರದಿಯನ್ನು ಒಮ್ಮೆಯೂ ತಪ್ಪಿಸಲಿಲ್ಲ. ಪುರಿ ಬಿದ್ದರೆ ಸಾಕು, ಮೊಳದುದ್ದದ ಮೀನುಗಳು ಕಾಲಿಗೇ ಬಂದು ಮುತ್ತುತ್ತಿದ್ದವು.

*

ಮಧ್ಯಾಹ್ನ ಮಣ್ಣು ಮಾಡಿ, ಹೊಳೆಯಲ್ಲಿ ಮಿಂದ ಗಂಡಸರು ಕೆಂಚಯ್ಯನ ಹೆಸರಲ್ಲಿ ಹಚ್ಚಿಟ್ಟ ದೀಪ ನೋಡಲು ಮನೆಗೆ ಬಂದರು. ಬಾಗೂರಿನ ನೆಂಟರ ಹೆಗಲಲ್ಲಿ ಒದ್ದೆ ಟವಲಿನ ಗಂಟುಗಳು. ಖಾಲಿಯಾಗಿ ಬರಬೇಕಿದ್ದ ಚೀಲ ತಿಮ್ಮಪ್ಪನ ಕೈಯಲ್ಲಿ ಜೋತು ನೀರು ತೊಟ್ಟಿಕ್ಕುತ್ತಿತ್ತು.

“ಏನ್ಲಾ ಅದು?”

“ಮಿಕ್ಕಿದ್ ಪುರೀನ ಮನೇಗ್ ತರಬಾರ್ದಲ್ಲಕ್ಕಾ. ಮಡೂಗ್ ಸುರುದೆ. ಅಂಗೇ ಮುತ್ಕಂಡ್ಬುಟ್ವು. ಬಾಗೂರೋರಿಗೆ ಏನ್ ಗೊತ್ತು, ಟವಲ್ ಒಡ್ಡುದ್ರು.”

“ನೀನು?”

ತಿಮ್ಮಪ್ಪ ನೆಲ ನೋಡಿದ. “ಎಲ್ರೂ ಹಿಡೀತಿದ್ರು ಕಣಕ್ಕಾ.”

ಆ ಚೀಲ ತೋರಿಸಿದವಳು ಮಾಯಮ್ಮನೇ. ತಿಮ್ಮಪ್ಪ ಅದನ್ನು ಗೋಡೆಯ ಪಕ್ಕ ಇಳಿಸಿದ, ಬೆಳಿಗ್ಗೆ ಹೆಣ ಕೂರಿಸಿದ್ದ ಜಾಗದಲ್ಲಿ. ಚೀಲ ಹೊರಳಿತು. ಬಾಲವೊಂದು ಹೊರಬಂದು ಜಗಲಿಗೆ ಬಡಿಯಿತು. ಅದಕ್ಕೆ ನೆಂದ ಪುರಿಯ ಒಂದು ಕಾಳು, ಚೆಂಡುಹೂವಿನ ಒಂದು ಎಸಳು ಅಂಟಿದ್ದವು.

ಗಂಡಸರು ಒಬ್ಬರ ಹಿಂದೊಬ್ಬರು ಬಗ್ಗಿ ದೀಪಕ್ಕೆ ಕೈಮುಗಿಯುತ್ತಿದ್ದರು.

“ಇನ್ನೂ ಜೀವ ಅದೆ,” ಎಂದಳು ಮಾಯಮ್ಮ. “ಯಾರಾರ ಮಡೂಗ್ ಬುಟ್ಬುಟ್ ಬರ್ರಪ್ಪ.”