ಗೇಟಿನವರೆಗೆ ಹೆಜ್ಜೆ

ಟ್ರ್ಯಾಕ್ಟರ್ ಬೆನ್ನಿಗೆ ಕಟ್ಟಿದ ಕಬ್ಬಿಣದ ಹಣಿಗೆ ಮತ್ತೆ ತಿರುವಿನ ಕಡೆ ಹೊರಟಿತು, ಕಪ್ಪು ಟ್ರ್ಯಾಕಿನ ಮೇಲೆ ಗೆರೆ, ಗೆರೆ, ಗೆರೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ, ಒಂದು ಕೂದಲೂ ಎದ್ದು ನಿಂತಿಲ್ಲ — ಇನ್ನೇನು ಬಾಚುತ್ತಾರೆ ಇವರು, ನಿನ್ನೆ ನನ್ನ ಕುದುರೆ ನೂರಿ ಬಿದ್ದ ಜಾಗವನ್ನು ನಿನ್ನೆಯೇ ಬಾಚಿ ಮುಗಿಸಿದ್ದಾರಲ್ಲ, ಖಾದರಬಾಷಾ ಶಾಮಿಯಾನದ ಕೆಳಗೆ ಕುರ್ಚಿಯ ತುದಿಗೆ ಕೂತು ನೋಡುತ್ತಿದ್ದ, ಬಿಸಿಲೇರಿದಂತೆ ನೆಲದಿಂದ ಸುಟ್ಟ ಟೈರಿನ ವಾಸನೆ ಏಳುತ್ತಿತ್ತು, ಮರಳು, ಮೇಣ, ರಬ್ಬರಿನ ಚೂರು, ಎಂಥದೋ ನೂಲು, ಎಲ್ಲ ಕಲಸಿ ಹಾಸಿದ್ದಂತೆ, ಸಿಂಥೆಟಿಕ್ ಅಂತೆ, ಪರದೇಶದಲ್ಲಿ ಕುದುರೆ ಓಡುವುದೇ ಇದರ ಮೇಲಂತೆ. ಕಮಿಟಿಯ ಮಹಾಂತೇಶ ಎದ್ದು ನಿಂತು ಹೇಳುತ್ತಲೇ ಇದ್ದಾನೆ, ಮಣ್ಣಿನಲ್ಲಿ ಧೂಳು, ಮಣ್ಣಿನಲ್ಲಿ ಕಲ್ಲು, ಮಳೆ ಬಿದ್ದರೆ ರಾಡಿ, ಇದು ಹಾಗಲ್ಲ, ಕುದುರೆಯ ಕಾಲಿಗೆ ಗಾದಿ ಹಾಸಿದ ಹಾಗೆ. ಗಾದಿ! ಮೊನ್ನೆ ಇದನ್ನು ಹಾಸಿ ಮುಗಿಸಿದ ದಿನ ಕುರಿಗಾರ ಅಮಾತೆಪ್ಪ ಅಂಗೈಯಿಂದ ಒತ್ತಿ ನೋಡಿ ನಕ್ಕಿದ್ದ, ಸಾಬಾ, ಇದರ ಮ್ಯಾಲ ಚಾದರ ಹೊಚಗೊಂಡ ಮಕ್ಕೋಬೇಕಪಾ, ಓಡೂದ ಆಗೂದಿಲ್ಲ. ಇವತ್ತು ಅದೇ ಅಮಾತೆಪ್ಪ ಬಾಯಿ ಹೊಲಿದುಕೊಂಡು ಕೂತಿದ್ದಾನೆ, ಅವನ ಕುದುರೆಗೂ ಇಲ್ಲಿನ ಹೊಸ ಲಾಯದಲ್ಲಿ ಜಾಗ ಸಿಕ್ಕಿದೆಯಲ್ಲ, ಎಲ್ಲರ ಕುದುರೆಗಳೂ ಒಳಗೇ ಇವೆ, ನೂರಿಯೊಬ್ಬಳೇ ಕುಳಗೇರಿ ಕ್ರಾಸಿನ ಮನೆಯಿಂದ ನಡೆದು ಬಂದವಳು, ಅವನೇ ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದ, ಬರುವಾಗ ಅವಳ ಉಸಿರು ಅವನ ಹೆಗಲಿಗೆ ಬೆಚ್ಚಗೆ — ಈಗ ಹಿತ್ತಲಿನಲ್ಲಿ ಮುಂಗಾಲು ಎತ್ತಿಕೊಂಡು ಮೂರೇ ಕಾಲ ಮೇಲೆ ನಿಂತಿದ್ದಾಳೆ, ಗುಲಾಬಬಿ ಬಿಸಿ ಅರಿಷಿಣ ಹಚ್ಚಿ ಬಟ್ಟೆ ಸುತ್ತುತ್ತಾಳೆ, ಸುತ್ತುವಾಗ ಗಂಡನ ಮುಖ ನೋಡುವುದಿಲ್ಲ, ಮಗ ಬಿಲಾಲನ ಮುಖವನ್ನಂತೂ ನೋಡುವುದೇ ಇಲ್ಲ.

ಎಷ್ಟು ಚೆಂದ ಓಡುತ್ತಿದ್ದಳು, ತಿರುವಿನಲ್ಲಿ ಊರಿದ ಮುಂಗಾಲನ್ನು ಆ ಟ್ರ್ಯಾಕು ಗಪ್ಪನೆ ಹಿಡಿದುಕೊಂಡಿತು, ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು, ಮಣ್ಣಾಗಿದ್ದರೆ ಒಂದಿಷ್ಟು ಜಾರಿ ಕಾಲನ್ನು ಬಿಟ್ಟುಕೊಡುತ್ತಿತ್ತು, ಬೆನ್ನ ಮೇಲಿದ್ದ ಬಿಲಾಲ ಬೇಲಿಯ ಆಚೆಗೆ ಬಿದ್ದ, ನೂರಿ ಎದ್ದಳು, ಸವಾರನಿಲ್ಲದ ಜೀನು ಹೊತ್ತು ಕುಂಟುತ್ತ ಖಾದರಬಾಷಾನ ಕಡೆಗೇ ಬಂದಳು — ಮೊಹರಂ ಬಂತೆಂದರೆ ಅವನ ಅವ್ವ ಬಿಬಿಜಾನ ಅಲಾವಿಯ ಬೆಂಕಿಕುಣಿಯ ಮುಂದೆ ಕೂತು ಹೇಳುತ್ತಿದ್ದ ಪದ, ಸವಾರನಿಲ್ಲದೆ ಡೇರೆಗೆ ಮರಳಿದ ಕುದುರೆಯ ಪದ, ಅವಳ ಸೆರಗಿನಲ್ಲಿ ಮುಖವಿಟ್ಟು ಕೇಳುತ್ತಿದ್ದ, ಅತ್ತದ್ದು ಯಾರಿಗೂ ಕಾಣಬಾರದೆಂದು. ಅವ್ವ ಇನ್ನೊಂದು ಹೇಳುತ್ತಿದ್ದಳು, ಕಡೆಯ ದಿನ ನೆಲವೇ ಬಾಯಿಬಿಟ್ಟು ತನ್ನ ಮೇಲೆ ನಡೆದದ್ದನ್ನೆಲ್ಲ ಹೇಳುತ್ತದೆ ಮಗಾ, ಹಗುರ ಕಾಲಿಡು. ಮೇಣ ಬಳಿದ ಈ ನೆಲ ಏನು ಹೇಳೀತು? ಮಣ್ಣೇನು ಕಮ್ಮಿ ಕ್ರೂರಿಯೇ, ಅವನು ಅದನ್ನೂ ಬಲ್ಲ, ಮಳೆಯಾದ ಮರುದಿನ ಓಡಿಸಿದ ಅವನ ಹಳೆಯ ಗಂಡುಕುದುರೆ ರಾಡಿಯಲ್ಲಿ ಕಾಲು ಮುರಿದುಕೊಂಡೇ ಸತ್ತಿತು, ಆದರೆ ಮಣ್ಣು ಬಚ್ಚಿಡಲಿಲ್ಲ, ಎಲ್ಲಿ ಜಾರಿತು, ಎಷ್ಟು ಜಾರಿತು, ಎಲ್ಲ ತೆರೆದು ತೋರಿಸಿತ್ತು. ಅದಕ್ಕೇ ಅಲ್ಲವೇ ಶರ್ಯತ್ತು ಮುಗಿದ ಸಂಜೆ ಯಾರೂ ನೆಲಕ್ಕೆ ಕುಂಟೆ ಹಾಕುತ್ತಿರಲಿಲ್ಲ, ಬೆಳಗಾದ ಮೇಲೆ ಎಲ್ಲರೂ ಚಪ್ಪಲಿ ಕಳಚಿಟ್ಟು ಹೆಜ್ಜೆ ನೋಡುತ್ತಿದ್ದರು, ಯಾವ ಕುದುರೆ ಅಡ್ಡ ಬಂತು, ಯಾವುದು ಕಾಲು ಎಳೆಯಿತು, ಅಮಾತೆಪ್ಪ ಬೀರಪ್ಪ ದೇವರ ಹೆಸರು ಹೇಳಿ ಬಗ್ಗಿ ನೋಡಿ ಎದ್ದು ಹೇಳಿದ ಮೇಲೇ ರುಮಾಲು ಸುತ್ತುವುದು, ಅಲ್ಲಿಯತನಕ ಗೆದ್ದವನೂ ಗೆದ್ದವನಲ್ಲ. ಈಗ ಕ್ಯಾಮೆರಾ ಇದೆಯಂತೆ, ಕ್ಯಾಮೆರಾ ನೋಡುವುದು ಗೆಲ್ಲುವ ಗೆರೆಯನ್ನು, ತಿರುವನ್ನಲ್ಲ. ಓಟ ಮುಗಿದ ಕೂಡಲೇ ಬಾಚುವುದು ನಿಯಮವಂತೆ — ಯಾರ ನಿಯಮ?

ಕಾಕಾ, ಸಿಟ್ಟಾಗಬ್ಯಾಡ್ರಿ, ಮಹಾಂತೇಶನ ದನಿ ಈಗ ಅವನ ಕಡೆಗೇ ತಿರುಗಿದೆ, ನಿಮ್ಮ ಕುದ್ರಿ ಮೊದಲs ಕುಂಟತಿತ್ತು, ಟ್ರ್ಯಾಕಿಂದೇನ ತಪ್ಪಿಲ್ಲ. ಮೊದಲೇ ಕುಂಟುತ್ತಿತ್ತು. ಈ ಮಾತನ್ನು ಸಭೆ ಒಪ್ಪಿದರೆ ನೂರಿಯನ್ನು ಇನ್ನು ಯಾವ ಶರ್ಯತ್ತಿಗೂ ಯಾರೂ ಕರೆಯುವುದಿಲ್ಲ, ಮತ್ತು ನಾಳೆ ಇದೇ ತಿರುವಿನಲ್ಲಿ ಎಲ್ಲ ಕುದುರೆಗಳೂ ಓಡುತ್ತವೆ, ಮಹಾಂತೇಶನ ಕುದುರೆಯ ಮೇಲೆ ಬಿಲಾಲನೂ. ಹೌದಲ್ಲೋ ಬಿಲಾಲ, ನೀನs ಹೇಳಪಾ. ಬಿಲಾಲ ಎದ್ದ, ಭುಜಕ್ಕೆ ಕಟ್ಟಿದ ಬಿಳಿ ಬಟ್ಟೆ, ಕಾಲಲ್ಲಿ ಮಹಾಂತೇಶ ಕೊಡಿಸಿದ ಸವಾರಿಯ ಬೂಟು, ಅಂಟುಪಟ್ಟಿ ಎಳೆದರೆ ಚರ್ರ್ ಎನ್ನುವ ಬೂಟು, ಮನೆಯಲ್ಲಿ ಆ ಸದ್ದು ಕೇಳಿದಾಗಲೆಲ್ಲ ಗುಲಾಬಬಿ ಅಡುಗೆಮನೆಗೆ ಹೋಗಿಬಿಡುತ್ತಾಳೆ; ಬಿಲಾಲ ನೆಲ ನೋಡಿದ, ನೆಲದ ಮೇಲೆ ಓದಲು ಏನೂ ಇರಲಿಲ್ಲ, ಮುಂಜಾನಿಂದs ಸ್ವಲ್ಪ ಕಾಲ ಎಳೀತಿತ್ರಿ, ಅಂದ. ನನ್ನ ಮಗ ಅಂದ. ಅವಳು ಹಾಲು ಕುಡಿಯುವ ಮರಿಯಾಗಿದ್ದಾಗಿನಿಂದ ಅವಳ ಕೊರಳಿಗೆ ಜೋತುಬಿದ್ದು ಬೆಳೆದವನು ಅಂದ, ತಲೆಯಾಡಿಸಿದರು ಎಲ್ಲರೂ, ಮುಗಿಯಿತು ಎಂಬಂತೆ, ಒಬ್ಬ ಚಹಾ ತರಲು ಹೇಳಿದ, ಖಾದರಬಾಷಾ ಮಸೀದಿಯಲ್ಲಾಗಲಿ ಮದುವೆಯಲ್ಲಾಗಲಿ ಮೂಲೆಯಲ್ಲಿ ಕೂತು ಕೇಳಿ ಎದ್ದು ಬಂದವನು, ಜನ್ಮದಲ್ಲಿ ಸಭೆಯಲ್ಲಿ ದನಿ ತೆಗೆದವನಲ್ಲ, ಆದರೆ ನಿನ್ನೆ ಮುಂಜಾನೆ ಅವಳನ್ನು ನಡೆಸಿಕೊಂಡು ಬಂದವನು ನಾನಲ್ಲವೇ, ಮಸಾರಿ ಮಣ್ಣಿನ ದಾರಿಯ ಅಂಚಿಗೆ, ಹಿಂದಿರುಗುವಾಗ ಅವಳನ್ನು ಒಯ್ದ ಟೆಂಪೋ ಹೋದದ್ದು ಇನ್ನೊಂದು ಮಗ್ಗುಲಿನಿಂದ, ಅಂಚನ್ನು ಯಾರೂ ತುಳಿದಿಲ್ಲ, ರಾತ್ರಿಯ ಇಬ್ಬನಿಗೆ ಧೂಳು ಗಟ್ಟಿಯಾಗಿ ಕೂತಿರುತ್ತದೆ — ಅವನು ಎದ್ದಿದ್ದ, ಎದ್ದದ್ದು ಕುರ್ಚಿ ಹಿಂದಕ್ಕೆ ಬಿದ್ದಾಗ ತಿಳಿಯಿತು.

ಬರ್ರಿ, ಹೆಜ್ಜಿ ನೋಡೂಣು.

ಎಲ್ಲಿ ನೋಡ್ತಿ ಸಾಬಾ, ಅಮಾತೆಪ್ಪ ಮೆಲ್ಲಗೆ ಅಂದ, ಬಾಚ್ಯಾರಲ್ಲ.

ಒಳಗಲ್ಲ. ಗೇಟಿನ ಹೊರಗ.

ಚಪ್ಪಲಿ ಬಿಟ್ಟ, ನಡೆದ, ತಿರುಗಿ ನೋಡಲಿಲ್ಲ, ಕಾದ ರಬ್ಬರು ಅಂಗಾಲಿಗೆ ಏನನ್ನೂ ಹೇಳಲಿಲ್ಲ, ಗೇಟು ದಾಟಿದ್ದೇ ಮಣ್ಣು, ತಂಪು, ಇಕೋ ಇಲ್ಲಿ, ಲಾಳಗಾರ ಮುರ್ತುಜಸಾಬ ನೂರಿಗೆ ಹೊಡೆದ ನಾಲಿನ ಅರ್ಧಚಂದ್ರ, ನಾಲ್ಕು ಹೆಜ್ಜೆ, ಸಮ, ಮತ್ತೆ ನಾಲ್ಕು, ಸಮ, ಒಂದೂ ಎಳೆದದ್ದಿಲ್ಲ, ಒಂದೂ ಅರ್ಧ ಊರಿದ್ದಿಲ್ಲ, ಪಕ್ಕದಲ್ಲಿ ಅವನದೇ ಚಪ್ಪಲಿಯ ಗುರುತು, ಹಿಂದೆ ಯಾರೂ ಬರುತ್ತಿಲ್ಲ, ಬರದಿದ್ದರೆ ಬರದಿರಲಿ, ಅಲ್ಲಾ ನೋಡುತ್ತಾನೆ, ಮಣ್ಣು ಹೇಳುತ್ತದೆ, ಆಮೇಲೆ ಬೆನ್ನ ಹಿಂದೆ, ಗೇಟಿನ ಹತ್ತಿರ — ಚರ್ರ್. ಸ್ವಲ್ಪ ಹೊತ್ತು. ಇನ್ನೊಂದು ಚರ್ರ್. ಅವನು ತಲೆ ಎತ್ತಲಿಲ್ಲ, ಕಣ್ಣು ಹೆಜ್ಜೆಯಿಂದ ಹೆಜ್ಜೆಗೆ ಹೋಯಿತು, ನಾಲ್ಕು, ಸಮ, ನಾಲ್ಕು, ಸಮ, ಗೇಟಿನವರೆಗೆ, ಆಮೇಲೆ ಹಣಿಗೆಯ ಗೆರೆ, ನಾಲ್ಕು, ಸಮ, ಗೇಟಿನವರೆಗೆ, ಗೇಟಿನವರೆಗೆ