ಉತ್ತರದ ಬದಿಯ ಹುಲ್ಲು

ಅಮ್ಮನಿಗೆ ಎಂಬತ್ತೈದು. ಹೃದಯ ಸೋತಿದೆ, ಈ ಬೇಸಿಗೆ ದಾಟಿದರೆ ದೊಡ್ಡದು ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು. ಅಮ್ಮ ಡಾಕ್ಟರಿಗೆ ಇನ್ನೊಂದು ಬಿಸ್ಕತ್ತು ಕೊಟ್ಟಿದ್ದಳು.

ಮಾರ್ಚಿನ ಮೊದಲ ವಾರ ಚರ್ಚಿನಿಂದ ಕಾಗದ ಬಂತು. ನಮ್ಮ ವೆನ್‌ಬ್ರೂಕಿನ ಚರ್ಚಿನ ಅಂಗಳದಲ್ಲಿ ಇನ್ನು ಐದೇ ಜಾಗ ಉಳಿದಿವೆ, ಅವೂ ದಕ್ಷಿಣದ ಬದಿಯಲ್ಲಿ. ಗಂಡನ ಪಕ್ಕ ಜಾಗ ಕಾದಿರಿಸಿಕೊಂಡವರು ಈಸ್ಟರ್ ಒಳಗೆ ಸಹಿ ಮಾಡಿ ಖಚಿತಪಡಿಸಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದಿತ್ತು. ಅಪ್ಪ ಹೋಗಿ ಹನ್ನೊಂದು ವರ್ಷ. ಅವನ ಪಕ್ಕದ ಜಾಗ ಅಮ್ಮನದೇ. ನಾನು ಪೆನ್ನು ಹುಡುಕಿ ತಂದೆ.

"ನಾನು ಅಲ್ಲಿಗೆ ಹೋಗಲ್ಲ," ಅಂದಳು ಅಮ್ಮ.

"ಮತ್ತೆಲ್ಲಿಗೆ ಹೋಗ್ತೀಯ?"

"ಟೆಡ್ ಜೊತೆ ಐವತ್ತೆರಡು ವರ್ಷ ಮಲಗಿದ್ದೀನಿ. ಅವನ ಗೊರಕೆ ಸಾಕು ನಂಗೆ. ನಾನು ಮಗೂ ಹತ್ರ ಹೋಗ್ಬೇಕು."

ನನಗಿಂತ ಮೊದಲು ಒಂದು ಮಗು ಇತ್ತು ಎಂಬುದು ನನಗೆ ಗೊತ್ತಿತ್ತು. ಮನೆಯಲ್ಲಿ ಅದನ್ನು 'ಮೊದಲಿನದು' ಅನ್ನುತ್ತಿದ್ದರು, ಮಾರಿ ಹಾಕಿದ ಹಳೆಯ ಕಾರಿನ ಹಾಗೆ. ಅವತ್ತು ಅಮ್ಮ ಮೊದಲ ಸಲ ಪೂರ್ತಿ ಹೇಳಿದಳು. ಅರವತ್ತೊಂದರ ಫೆಬ್ರವರಿ. ಎರಡು ದಿನದ ನೋವು. ಸೂಲಗಿತ್ತಿ ನರ್ಸಮ್ಮ ಇಂಜೆಕ್ಷನ್ ಕೊಟ್ಟಳು. ಎಚ್ಚರಾದಾಗ ಮಗು ಇರಲಿಲ್ಲ, ತೊಟ್ಟಿಲೂ ಇರಲಿಲ್ಲ. ಉಸಿರೇ ಇಲ್ಲದೆ ಹುಟ್ಟಿತು, ಹೆಣ್ಣು, ಇನ್ನೊಂದು ಬೇಗ ಮಾಡಿಕೊಳ್ಳಿ ಅಂದರು. ಎಲ್ಲಿ ಇಟ್ಟಿರಿ ಎಂದು ಕೇಳಿದ್ದಕ್ಕೆ ಅಪ್ಪ, "ಚರ್ಚಿನ ಅಂಗಳದಲ್ಲೇ ಇದೆ, ಚೆನ್ನಾಗಿ ನೋಡ್ಕೊಂಡಿದ್ದಾರೆ, ನೀನು ಸೂಪ್ ಕುಡಿ" ಅಂದನಂತೆ. ಅಮ್ಮ ಕುಡಿದಳು. ಆಮೇಲೆ ಕೇಳಲಿಲ್ಲ.

"ಅರವತ್ತೆರಡು ವರ್ಷ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಅವನು ದನದ ಕೊಟ್ಟಿಗೆಗೆ ಎದ್ದು ಹೋಗ್ತಿದ್ದ. ಎಷ್ಟು ಸಲ ಅಂತ ಕಳಿಸೋದು."

ಪಾದ್ರಿ ಜುಡಿತ್ ಒಳ್ಳೆಯ ಹೆಂಗಸು. ಚಹಾಕ್ಕೆ ಕರೆದು ಎಲ್ಲವನ್ನೂ ಕೇಳಿಸಿಕೊಂಡಳು. ಆ ಕಾಲದಲ್ಲಿ ಸತ್ತು ಹುಟ್ಟಿದ ಮಕ್ಕಳಿಗೆ ಬೇರೆ ಗುಂಡಿ ತೋಡುತ್ತಿರಲಿಲ್ಲ, ಆ ವಾರ ತೀರಿಕೊಂಡ ಯಾರಾದರೂ ದೊಡ್ಡವರ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಿದ್ದರು ಎಂದಳು. ಆ ದೊಡ್ಡವರ ಮನೆಯವರು ಈಗ ಒಪ್ಪಿದರೆ ಅದೇ ಸಮಾಧಿಯಲ್ಲಿ ಅಮ್ಮನಿಗೂ ಜಾಗ ಕೊಡಿಸಬಹುದು.

"ಆದ್ರೆ ಯಾವ ಸಮಾಧಿ ಅನ್ನೋದು ಗೊತ್ತಿರ್ಬೇಕು ರೋಸ್ಲಿನ್. ಅಂದಾಜಿನ ಮೇಲೆ ಅಗೆಯೋಕೆ ನಂಗೆ ಅಧಿಕಾರ ಇಲ್ಲ."

ಹೆರೆಫರ್ಡ್‌ಶೈರಿನ ಈ ಮೂಲೆಯಲ್ಲಿ ಹಳೆಯದನ್ನು ಹುಡುಕುವುದು ನನ್ನದೇ ಕೆಲಸ. ನಾಲ್ಕು ವರ್ಷದಿಂದ ಹಳ್ಳಿಯ ಇತಿಹಾಸ ಸಂಘಕ್ಕಾಗಿ ಮುದುಕರ ಅಡಿಗೆಮನೆಗಳಲ್ಲಿ ಕೂತು ಅವರ ಮಾತನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲ ಟ್ರ್ಯಾಕ್ಟರ್ ಯಾರದು, ನಲವತ್ತೇಳರ ಹಿಮ ಯಾವ ಕಿಟಕಿಯವರೆಗೆ ಬಂದಿತ್ತು, ಬಿಯರಿಗೆ ಹಾಕುವ ಹಾಪ್ಸ್ ಹೂ ಕೀಳಲು ಬಂದವರು ಎಲ್ಲಿ ಮಲಗುತ್ತಿದ್ದರು. ಹಳೆಯ ಸಭೆಗಳ ನಡಾವಳಿಗಳನ್ನು ನಾನೇ ಟೈಪ್ ಮಾಡಿದ್ದೇನೆ. ಎಷ್ಟೋ ಜನರ ಅಜ್ಜಿಯರನ್ನು ಹುಡುಕಿ ಕೊಟ್ಟಿದ್ದೇನೆ. ಇದೂ ಸಿಗುತ್ತದೆ ಎಂದುಕೊಂಡೆ.

ಹೆಣದ ಪೆಟ್ಟಿಗೆ ಮಾಡುತ್ತಿದ್ದ ಬಡಗಿ ಪ್ರಾಸರನ ಮಗ ವಿಲ್ಫ್ ಇನ್ನೂ ಇದ್ದರು. ತೊಂಬತ್ತೊಂದು ವರ್ಷ, ಗಾಲಿಕುರ್ಚಿ, ಕಿವಿ ಮಂದ, ನಾಲಿಗೆ ಚುರುಕು.

"ಈ ಸಲ ಏನು ಬೇಕು ನಿಂಗೆ? ನನ್ನ ಹಲ್ಲಿನ ಕಥೇನೂ ರೆಕಾರ್ಡ್ ಮಾಡ್ಕೊಂಡಾಯ್ತು," ಅಂದರು.

ನಾನು ಕೇಳಿದೆ. ಅವರು ಮಂಡಿಯ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡರು.

"ಲಾಟಿ ಆಪರ್ಲಿ ಜೊತೆ," ಅಂದರು. "ಅಂಚೆ ಹಂಚ್ತಿದ್ಲಲ್ಲ, ಮದುವೆ ಆಗದೇ ಇದ್ದವಳು. ಅವಳ ಮಣ್ಣು ಗುರುವಾರ ಇತ್ತು. ನಮ್ಮಪ್ಪ ಅಂದ, ಲಾಟಿಗೆ ಮಕ್ಕಳು ಅಂದ್ರೆ ಪ್ರಾಣ, ಬೇಡ ಅನ್ನಲ್ಲ ಅವಳು ಅಂತ. ಅವಳ ಎಡಗೈ ಸ್ವಲ್ಪ ಮಡಿಸಿ, ಅದರೊಳಗೆ ಇಟ್ವಿ."

"ನಿಮಗೆ ಮಗು ತಂದುಕೊಟ್ಟದ್ದು ನರ್ಸಮ್ಮನಾ, ವಿಲ್ಫ್ ಅಂಕಲ್?"

"ಎಲ್ಲಿ ನರ್ಸಮ್ಮ. ನಿಮ್ಮಪ್ಪನೇ. ಹಾಲಿನ ಲಾರಿ ಓಡಿಸ್ತಿದ್ನಲ್ಲ, ಪಕ್ಕದ ಸೀಟಲ್ಲಿ ಇಟ್ಕೊಂಡು ಬಂದಿದ್ದ. ಲಾಟಿ ಕೈಲಿ ಇಡೋವರೆಗೂ ನಿಂತಿದ್ದ. ಮಣ್ಣು ಮಾಡುವಾಗ ಬೇಲಿ ಆಚೆ ನಿಂತು ನೋಡ್ತಿದ್ದ, ಟೋಪಿ ತೆಗೆದು. ಲಾಟಿ ಕಡೆಯೋರು ಅವನ್ಯಾಕೆ ಅಳ್ತಾನೆ ಅಂತ ಕೇಳಿದ್ರು. ಕಾಗದಗಳು ಬೇಗ ತಲುಪಿಸ್ತಿದ್ಲು ಅದಕ್ಕೆ ಅಂದೆ ನಾನು."

ಲಾಟಿಯ ಅಣ್ಣನ ಮೊಮ್ಮಗ ಲೆಡ್‌ಬರಿಯಲ್ಲಿದ್ದ. ಫೋನು ಮಾಡಿದೆ. "ಅಯ್ಯೋ, ಖಂಡಿತ. ಅಜ್ಜಿಗೂ ಜೊತೆ ಆಗತ್ತೆ," ಅಂದ. ನಾನು ರಸ್ತೆಯ ಪಕ್ಕ ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ, ಸಂತೋಷಕ್ಕೆ. ಒಂದು ವಾರದೊಳಗೆ ಎಲ್ಲವೂ ಸಿಕ್ಕಿತ್ತು. ಆ ಗಳಿಗೆಯಲ್ಲಿ ನನಗೆ ಅದು ನೆನಪಾಗಲಿಲ್ಲ. ಚರ್ಚಿನ ಗೇಟು ತೆಗೆದು ಉತ್ತರದ ಬದಿಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಕಲ್ಲುಗಳ ಸಾಲಿನಲ್ಲಿ ಲಾಟಿಯ ಪೂರ್ತಿ ಹೆಸರು, 'ಷಾರ್ಲಟ್ ಆಪರ್ಲಿ' ಎಂದು ಓದಿದಾಗಲೇ ನೆನಪಾದದ್ದು.

ಕಲ್ಲು ಇತ್ತು. ಸಮಾಧಿ ಇರಲಿಲ್ಲ. ನಾನು ಹುಡುಗಿಯಾಗಿದ್ದಾಗಿನಿಂದ ಉತ್ತರದ ಬದಿ ಬರೀ ಹುಲ್ಲು. ಎಪ್ಪತ್ತಾರರಲ್ಲಿ ಅಲ್ಲಿನ ನಲವತ್ತೇಳು ಕಲ್ಲುಗಳನ್ನೂ ಕಿತ್ತು ಗೋಡೆಯುದ್ದಕ್ಕೂ ನಿಲ್ಲಿಸಿದ್ದರು, ಹುಲ್ಲು ಕತ್ತರಿಸುವ ಯಂತ್ರ ಸಲೀಸಾಗಿ ಓಡಾಡಲಿ ಎಂದು. ಯಾವ ಕಲ್ಲು ಎಲ್ಲಿತ್ತು ಎಂದು ಒಂದು ನಕ್ಷೆ ಬರೆದಿದ್ದರಂತೆ. ಗಂಟೆಗೋಪುರದ ಕಪಾಟಿನಲ್ಲಿ ಅದು ತೇವ ಹೀರಿ ಮುದ್ದೆಯಾಗಿದ್ದುದನ್ನು ನಾಲ್ಕು ವರ್ಷದ ಹಿಂದೆ ನಾನೇ ನೋಡಿದ್ದೆ, 'ಓದಲಾಗದ ಕಾಗದ' ಎಂದು ಪಟ್ಟಿಯಲ್ಲಿ ಬರೆದಿದ್ದೆ.

ಇನ್ನೊಂದನ್ನೂ ನಾನೇ ಟೈಪ್ ಮಾಡಿದ್ದೆ. ಮನೆಗೆ ಬಂದು ತೆಗೆದು ನೋಡಿದೆ. ಎಪ್ಪತ್ತಾರರ ಏಪ್ರಿಲ್ ಸಭೆ. 'ಉತ್ತರದ ಬದಿಯ ಕಲ್ಲುಗಳನ್ನು ತೆಗೆಯುವ ಬಗ್ಗೆ. ಸೂಚಿಸಿದವರು: ಶ್ರೀಮತಿ ಎನಿಡ್ ಮ್ಯಾಡಕ್ಸ್. ಸರ್ವಾನುಮತದಿಂದ ಒಪ್ಪಲಾಯಿತು. ಕಲ್ಲು ಸಾಗಿಸಲು ಟ್ರ್ಯಾಕ್ಟರ್ ಒದಗಿಸುವವರು: ಶ್ರೀ ಇ. ಮ್ಯಾಡಕ್ಸ್.' ಅಮ್ಮನ ಹೆಸರು, ಕೆಳಗೆ ಎಡ್ವರ್ಡ್, ಅಂದರೆ ಟೆಡ್, ನಮ್ಮಪ್ಪನ ಹೆಸರು ಕಂಡದ್ದಕ್ಕೆ ಅವತ್ತು ನಾನು ಖುಷಿಪಟ್ಟಿದ್ದೆ.

ಅಮ್ಮನಿಗೆ ಏನು ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಲಾಟಿಯ ವಿಷಯ ಮಾತ್ರ ಹೇಳಿದೆ. ಅವಳು ತಕ್ಷಣ ಕೋಟು ಕೇಳಿದಳು.

ವಿಲ್ಫ್ ಅವರ ಮಗಳು ಅವರನ್ನು ಕರೆತಂದಳು. ಇಬ್ಬರು ಮುದುಕರ ಗಾಲಿಕುರ್ಚಿಗಳನ್ನು ಒದ್ದೆ ಹುಲ್ಲಿನ ಮೇಲೆ ತಳ್ಳಿಕೊಂಡು ಹೋದೆವು.

"ಏನೇ ಎನಿಡ್, ಇನ್ನೂ ಇದ್ದೀಯಾ."

"ನಿನ್ನ ಪೆಟ್ಟಿಗೆ ಯಾರು ಮಾಡ್ತಾರೆ ನೋಡೋಣ ಅಂತ ಕಾಯ್ತಿದ್ದೀನಿ. ಎಲ್ಲಿ ತೋರಿಸು."

ವಿಲ್ಫ್ ಕೋಲೆತ್ತಿ ತೋರಿಸಿದರು. "ಅಲ್ಲಿ. ಯೂ ಮರದಿಂದ ಮೂರನೇ ಸಾಲು." ಯೂ ಮರ ಬಿರುಗಾಳಿಗೆ ಬಿದ್ದು ಮೂವತ್ತು ವರ್ಷವಾಗಿತ್ತು. ಅದರ ಬುಡ ಎಲ್ಲಿತ್ತೆಂದು ಎಲ್ಲರೂ ವಾದ ಮಾಡಿದೆವು. ಆಮೇಲೆ ವಿಲ್ಫ್, "ಅಲ್ಲ, ನಲ್ಲಿ ಹತ್ರ," ಅಂದರು. ನಲ್ಲಿ ಬಂದದ್ದು ಎಂಬತ್ತರಲ್ಲಿ ಎಂದಳು ಅವರ ಮಗಳು. ಅವರ ಕೋಲು ಗಾಳಿಯಲ್ಲೇ ಮೆಲ್ಲಗೆ ಅತ್ತಿತ್ತ ಆಡಿತು, ಆಮೇಲೆ ಕೆಳಗಿಳಿಯಿತು.

"ನಂಗೆ ಕಾಣ್ತಿದೆ ಎನಿಡ್. ಲಾಟಿ ಕೈ ಕಾಣ್ತಿದೆ. ಪೆಟ್ಟಿಗೆಯ ಮೊಳೆ ಕಾಣ್ತಿದೆ. ಜಾಗ ಕಾಣ್ತಿಲ್ಲ."

"ಮುಖ ಹೇಗಿತ್ತು?"

"ಬಟ್ಟೆ ಸುತ್ತಿದ್ರು. ಬಿಚ್ಚಬೇಡ ಅಂದ ನಮ್ಮಪ್ಪ."

"ಕೂದಲು ಇತ್ತಾ?"

"ಬಿಚ್ಚಲಿಲ್ಲ ಕಣೇ."

ಅಮ್ಮ ಹುಲ್ಲನ್ನು ನೋಡುತ್ತಾ ಕೂತಳು. ಎಲ್ಲ ಕಡೆಯೂ ಒಂದೇ ಹಸಿರು, ಒಂದೇ ಎತ್ತರ. ನಾನು ಹೇಳದೆ ಬಚ್ಚಿಟ್ಟಿದ್ದನ್ನು ಅವಳೇ ಹೇಳಿದಳು. ನೆನಪಿಗೆ ಬರಲು ಅವಳಿಗೆ ನಡಾವಳಿ ಬೇಕಿರಲಿಲ್ಲ.

"ಕಲ್ಲು ತೆಗೆಸಿದ್ದು ನಾನೇ ಅಲ್ವಾ. ಟೆಡ್ ಶನಿವಾರ ಪೂರ್ತಿ ಇಲ್ಲೇ ಕುಡುಗೋಲು ಹಿಡಿದು ಕಲ್ಲಿನ ಸುತ್ತ ಹುಲ್ಲು ಕೊಯ್ತಿದ್ದ. ಬೇರೆ ಗಂಡಸರಿಗೆ ಹೇಳಿದ್ರೆ ಬರ್ತಿದ್ರು, ಇವನೇ ಮಾಡ್ಬೇಕು ಅಂತಿದ್ದ. ಬೆನ್ನು ನೋವು ಬೇರೆ. ನನ್ನ ಗಂಡನಿಗೆ ಒಂದು ಶನಿವಾರ ಬಿಡುವು ಸಿಗ್ಲಿ ಅಂತ ನಾನು ಎದ್ದು ನಿಂತು ಹೇಳಿದೆ."

"ಅಪ್ಪ ಏನಂದ?"

"ಪಕ್ಕದಲ್ಲೇ ಕೂತಿದ್ದ. ನನ್ನ ಮುಖ ನೋಡಿದ. ಟ್ರ್ಯಾಕ್ಟರ್ ತರ್ತೀನಿ ಅಂದ."

ವಿಲ್ಫ್ ಮೂಗು ಒರೆಸಿಕೊಂಡರು. ಅಪ್ಪ ಆ ಸಭೆಯಲ್ಲಿ ಬಾಯಿ ಬಿಟ್ಟಿದ್ದರೆ ಹದಿನೈದು ವರ್ಷ ಮುಚ್ಚಿಟ್ಟದ್ದನ್ನು ಹಳ್ಳಿಯ ಎದುರಿಗೇ ಹೆಂಡತಿಗೆ ಹೇಳಬೇಕಿತ್ತು. ಹೇಳಲಾರದೆ ಹೋದ. ಮುಂದಿನ ವಾರ ತಾನೇ ಸರಪಳಿ ಕಟ್ಟಿ ಲಾಟಿಯ ಕಲ್ಲನ್ನೂ ಎಳೆದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಊರಿನವರ ಅಜ್ಜಿಯರನ್ನೆಲ್ಲ ಹುಡುಕಿ ಕೊಟ್ಟವಳು ನಾನು, ನನ್ನ ಅಕ್ಕ ನನ್ನ ಕಾಲಿನಿಂದ ಹತ್ತು ಹೆಜ್ಜೆಯೊಳಗೆ ಎಲ್ಲೋ ಇದ್ದಾಳೆಂದು ಗೊತ್ತಿದ್ದೂ ಸುಮ್ಮನೆ ನಿಂತಿದ್ದೆ.

ಪಾದ್ರಿ ಜುಡಿತ್‌ಗೆ ಮತ್ತೊಮ್ಮೆ ಕೇಳಿದೆ. ನೆಲದೊಳಗೆ ನೋಡುವ ಯಂತ್ರ ಇದೆಯಂತಲ್ಲ ಅಂದೆ. ಅದು ಗುಂಡಿ ಇದೆ ಎಂದು ಹೇಳುತ್ತದೆ, ಯಾರದೆಂದು ಹೇಳುವುದಿಲ್ಲ ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅದರಿಂದ ನನಗೇನೂ ಉಪಯೋಗವಿರಲಿಲ್ಲ.

ಈಸ್ಟರಿನ ಹಿಂದಿನ ದಿನ ಬೆಳಿಗ್ಗೆ ಆ ಕಾಗದವನ್ನು ಅಮ್ಮನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ದಕ್ಷಿಣದ ಬದಿ, ಆರನೇ ಸಾಲು, ಎಡ್ವರ್ಡ್ ಮ್ಯಾಡಕ್ಸ್ ಪಕ್ಕ. ಕಾಗದ ಹಿಡಿದುಕೊಳ್ಳಲು ಹೋದರೆ ನನ್ನ ಕೈ ತಳ್ಳಿದಳು. ತಾನೇ ನಿಧಾನವಾಗಿ ಸಹಿ ಮಾಡಿದಳು.

"ಈಗ ಉತ್ತರದ ಬದಿ ಹುಲ್ಲು ಯಾರು ಕತ್ತರಿಸ್ತಾರೆ?"

"ಲೆಮ್‌ಸ್ಟರಿಂದ ಒಬ್ಬ ಗುತ್ತಿಗೆದಾರ ಬರ್ತಾನಮ್ಮ. ಹದಿನೈದು ದಿನಕ್ಕೊಮ್ಮೆ. ಮೇಲೆ ಕೂತು ಓಡಿಸೋ ಯಂತ್ರ."

"ಭಾರ ಇರತ್ತಾ ಅದು?"

ಇರುವುದಿಲ್ಲ ಅಂದೆ. ಇರುತ್ತದೆ. ಅಮ್ಮ ನನ್ನ ಮುಖ ನೋಡಿ, ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ಸರಿಸಿದಳು.