ಎಡಗಿವಿಯ ಗಿಲ್ಬರ್ಟ್ ಪೊರ್ಬುಗಳು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಹೋಗಿ ಕೂತುಕೊಳ್ಳುತ್ತವೆ. ಪದಗಳೂ ನನ್ನಲ್ಲಿ ಹೆಚ್ಚಿಲ್ಲ. ಹತ್ತನೆಯ ತರಗತಿ ಮುಗಿಸಿ, ಪ್ಲಸ್ ವನ್‌ಗೆ ಮೂರು ತಿಂಗಳು ಹೋಗಿ ಬಿಟ್ಟವಳು ನಾನು. ಗ್ರಂಥಾಲಯದ ಸುಬ್ಬಲಕ್ಷ್ಮಿ ಟೀಚರ್ ಈ ವರ್ಷದ ಕೈಬರಹ ಪತ್ರಿಕೆಗೆ ನಮ್ಮ ಪೈವಳಿಕೆ ಪೇಟೆಯ ಯಾರಾದರೊಬ್ಬರ ಬಗ್ಗೆ ಬರೆಯಲು ಹೇಳಿದಾಗ, ಆಗುವುದಿಲ್ಲ ಎನ್ನಲು ನಾಚಿಕೆಯಾಗಿ ಹೂಂ ಎಂದುಬಿಟ್ಟೆ. ಪ್ರತಿ ವಾಕ್ಯವನ್ನೂ ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಎರಡು ಮೂರು ಸಲ ಬರೆದು ನೋಡಿ ಆಮೇಲೆ ಇಲ್ಲಿ ಇಳಿಸಿದ್ದೇನೆ. ತಪ್ಪು ಕಂಡರೆ ಅದು ನನ್ನದು, ಗಿಲ್ಬರ್ಟ್ ಪೊರ್ಬುಗಳದ್ದಲ್ಲ.

ಪೊರ್ಬುಗಳು ಎಂಬುದು ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಹೆಸರು. ಗಿಲ್ಬರ್ಟ್ ಪೊರ್ಬುಗಳನ್ನು ದೂರದಿಂದಲೇ ಗುರುತಿಸಬಹುದು. ಅವರು ಎಲ್ಲಿಗೆ ಹೋದರೂ ಒಂದು ಗೋಡೆಯನ್ನೋ ಬೇಲಿಯನ್ನೋ ತಮ್ಮ ಬಲಗಡೆಗೆ ಇಟ್ಟುಕೊಂಡು ನಡೆಯುತ್ತಾರೆ. ಜೊತೆಗೆ ಯಾರಾದರೂ ಬಂದರೆ ಅವರನ್ನು ಮೆಲ್ಲಗೆ ಎಡಗಡೆಗೆ ಸರಿಸುತ್ತಾರೆ. ಇಗರ್ಜಿಯಲ್ಲಿ ಬೆಂಚಿನ ಬಲತುದಿ ಅವರದ್ದು. ಎರಡು ಸಾವಿರದ ಒಂದರಲ್ಲಿ ಜ್ವರ ಬಂದು ಬಲಗಿವಿ ಪೂರ್ತಿ ಹೋಯಿತಂತೆ. ಅಂದಿನಿಂದ ಅವರು ಲೋಕವನ್ನೆಲ್ಲ ಎಡಗಡೆಯಿಂದಲೇ ಬರಮಾಡಿಕೊಳ್ಳುತ್ತಾರೆ. ತಮ್ಮ ಸ್ವರ ಎಷ್ಟು ದೊಡ್ಡದೆಂದು ಅವರಿಗೇ ತಿಳಿಯದ ಕಾರಣ, ಅವರು ಗುಟ್ಟು ಹೇಳಿದರೆ ಬಸ್ ಸ್ಟಾಂಡಿಗೆ ಕೇಳುತ್ತದೆ.

ಅವರ ಅಂಗಡಿಯಲ್ಲಿ ಈಗ ಮೊಬೈಲಿಗೆ ರೀಚಾರ್ಜ್ ಮಾಡುತ್ತಾರೆ, ಜೆರಾಕ್ಸ್ ತೆಗೆಯುತ್ತಾರೆ. ಹಿಂದೆ ಅದು ಕ್ಯಾಸೆಟ್ ಅಂಗಡಿಯಾಗಿತ್ತು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ತುಂಬಿಸಿ ಕೊಡುವುದು ಅವರ ಕಸುಬು. ಈಗಲೂ ಹಿಂದಿನ ಕಪಾಟಿನ ತುಂಬ ಕ್ಯಾಸೆಟ್ಟುಗಳಿವೆ, ಅಂಗಿಯ ಕಿಸೆಯಲ್ಲಿ ಸುರುಳಿ ತಿರುಗಿಸುವ ಪೆನ್ಸಿಲ್ ಇದೆ. ಅದರಿಂದ ಅವರು ಬರೆದದ್ದನ್ನು ನಾನು ನೋಡಿಲ್ಲ. ಬರೆಯಲು ಬೇರೆ ಪೆನ್ನು ಉಂಟು, ಮತ್ತು ಅವರ ಅಕ್ಷರ ಅಚ್ಚು ಹಾಕಿದ ಹಾಗೆ. ಪಕ್ಕದ ಕೋಣೆ ಹರಿಣಾಕ್ಷಿ ಅಕ್ಕನ ಹೊಲಿಗೆ ಅಂಗಡಿ. ನಡುವೆ ಬರೀ ಒಂದು ಹಲಗೆಯ ಗೋಡೆ. ಅಲ್ಲಿ ನಾನು ಎಂಟು ತಿಂಗಳಿನಿಂದ ಹುಕ್ಕು ಹಾಕುವ, ಕಾಜ ಹೊಲಿಯುವ ಕೆಲಸ ಮಾಡುತ್ತೇನೆ.

ವಾಸಪ್ಪನೆಂಬ ಹಾಡುಗಾರನನ್ನು ನಾನು ಆ ಹಲಗೆಯ ಮೂಲಕವೇ ತಿಳಿದದ್ದು. ಗಿಟಾರಿನ ಜೊತೆ ಚೆಂಡೆ ಬಾರಿಸಿ, ಅದರೊಳಗೆ ಅಕ್ಕಿ ಗಿರಣಿಯ ಸದ್ದನ್ನೋ ಮೀನು ಮಾರುವವರ ಕೂಗನ್ನೋ ಸೇರಿಸಿ ಹಾಡುವ ವಿಚಿತ್ರ ಮನುಷ್ಯ ಅವನು. ನಾನು ಹುಟ್ಟಿದ ತೊಂಬತ್ತೇಳರಲ್ಲಿ ಅವನ ‘ಕೊಡೆ ಮರೆತೆ’ ಎಂಬ ಹಾಡು ಬಂದು ಊರೂರೇ ಕುಣಿಯಿತಂತೆ. ಆಮೇಲೆ ಅವನು ಆ ಥರದ ಹಾಡನ್ನು ಮತ್ತೆ ಕಟ್ಟಲಿಲ್ಲ. ‘ಉಪ್ಪಿನ ಚೀಲ’, ‘ಏಳು ಗೇಟು’ ಎಂದು ಇನ್ನೂ ವಿಚಿತ್ರವಾದ ಆಲ್ಬಮ್ಮುಗಳನ್ನು ತಂದ. ಜನ ಕೊಡೆಯನ್ನೇ ಹಿಡಿದುಕೊಂಡು ಅವನನ್ನು ಬಿಟ್ಟರು.

ಬಿಡದವರು ಮೂವರು. ಪ್ರತಿ ಶನಿವಾರ ಸಂಜೆ ಐದಕ್ಕೆ, ಬಸ್ ಕಂಡಕ್ಟರ್ ಯೋಗೀಶಣ್ಣ ಡ್ಯೂಟಿ ಇಳಿದು ಚೀಲ ಸಮೇತ ಗಿಲ್ಬರ್ಟ್ ಪೊರ್ಬುಗಳ ಅಂಗಡಿಗೆ ಬರುತ್ತಾರೆ. ವಯರಿಂಗ್ ಕೆಲಸದ ವಿಜೇತಣ್ಣ ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡೇ ಬರುತ್ತಾರೆ. ಒಂದು ಕ್ಯಾಸೆಟ್ ಹಾಕುತ್ತಾರೆ. ಪೊರ್ಬುಗಳು ಎಡಗಿವಿಯನ್ನು ಮೊದಲು ಒಂದು ಸ್ಪೀಕರಿಗೆ, ಆಮೇಲೆ ಅದೇ ಹಾಡನ್ನು ಮತ್ತೆ ಹಾಕಿ ಇನ್ನೊಂದು ಸ್ಪೀಕರಿಗೆ ಕೊಡುತ್ತಾರೆ. ಹಾಗಾಗಿ ಅಲ್ಲಿ ಎಲ್ಲ ಹಾಡೂ ಎರಡೆರಡು ಸಲ. ನಂತರ ಚರ್ಚೆ.

“ಕೊಡೆ ಮರೆತೆ ಒಂದೇ ಹಾಡು ಮಾರ್ರೆ. ಉಳಿದದ್ದೆಲ್ಲ ಗ್ರೈಂಡರಿಗೆ ಕಲ್ಲು ಸಿಕ್ಕಿದ ಹಾಗೆ,” ಎಂದು ಯೋಗೀಶಣ್ಣ ಬೇಕೆಂದೇ ಕೆಣಕುತ್ತಾರೆ.

“ಅದು ಉಂಟು. ಅದು ಮಾತ್ರ ಅಲ್ಲ,” ಎನ್ನುತ್ತಾರೆ ಪೊರ್ಬುಗಳು. ಅವರ ಎಲ್ಲ ವಾದಗಳೂ ಈ ಎರಡು ವಾಕ್ಯಗಳಿಂದಲೇ ಹೊರಡುತ್ತವೆ. ಊಟ ಆಯಿತಾ ಎಂದು ಕೇಳಿದರೂ ಒಮ್ಮೊಮ್ಮೆ ಇದೇ ಉತ್ತರ.

ಆದರೆ ಮೂವರಲ್ಲಿ ಜಗಳವೇ ಇಲ್ಲದ ಒಂದು ಹಾಡಿತ್ತು. ‘ಏಳು ಗೇಟು’ ಆಲ್ಬಮ್ಮಿನ ಕೊನೆಯ, ಒಂಬತ್ತನೆಯ ಹಾಡು. ಅದಕ್ಕೆ ಮಾತಿಲ್ಲ. ಒಬ್ಬರು ತಗ್ಗಿದ ಸ್ವರದಲ್ಲಿ, ಬಾಗಿಲಾಚೆ ಯಾರೋ ಮಲಗಿದ್ದಾರೆಂಬ ಹಾಗೆ, ನಾಲ್ಕು ನಿಮಿಷ ಗುನುಗುತ್ತಾರೆ. ಹಿಂದೆ ಒಂದೇ ಸಮನೆ ಕಟಕಟ ಸದ್ದು, ಏಳು ಬಡಿತಕ್ಕೊಮ್ಮೆ ‘ಟಿಕ್’. ಪೊರ್ಬುಗಳು ಎರಡು ಸಾವಿರದ ಎರಡರಲ್ಲಿ ತುಂಬಿಸಿ ಇಬ್ಬರಿಗೂ ಕೊಟ್ಟ ಕ್ಯಾಸೆಟ್ಟಿನ ಕಾಗದದಲ್ಲಿ ಎಂಟು ಹಾಡುಗಳ ಹೆಸರಿತ್ತು. ಒಂಬತ್ತನೆಯ ಗೆರೆ ಖಾಲಿ. ವಾಸಪ್ಪ ಬೇಕೆಂದೇ ಹೆಸರಿಡಲಿಲ್ಲ ಎಂದು ವಿಜೇತಣ್ಣ. ಏಳು ಗೇಟಿಗೆ ಏಳರ ತಾಳ, ಟಿಕ್ ಎಂದರೆ ಗೇಟು ಬೀಳುವ ಸದ್ದು ಎಂದು ಯೋಗೀಶಣ್ಣ. ಹನ್ನೆರಡು ವರ್ಷಗಳಿಂದ ಅವರು ಅದನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಆ ಹಾಡಿನ ಮಾತು ಬಂದಾಗ ಪೊರ್ಬುಗಳು ಮಾತ್ರ ಪೆನ್ಸಿಲಿನಲ್ಲಿ ಯಾವುದೋ ಕ್ಯಾಸೆಟ್ಟಿನ ಸುರುಳಿ ತಿರುಗಿಸುತ್ತಿದ್ದರು.

ಶನಿವಾರ ಮಧ್ಯಾಹ್ನದ ನಂತರ ಹರಿಣಾಕ್ಷಿ ಅಕ್ಕ ಹೊಲಿದ ಬಟ್ಟೆಗಳನ್ನು ಮನೆಮನೆಗೆ ಕೊಡಲು ಹೋಗುತ್ತಾರೆ. ಮಿಷನಿಗೆ ವಿಶ್ರಾಂತಿ, ನಾನು ಒಬ್ಬಳೇ ಕೂತು ಕೈಹೊಲಿಗೆ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಮೂರನೆಯ ಶನಿವಾರ, ಒಂಬತ್ತನೆಯ ಹಾಡು ನಡೆಯುತ್ತಿದ್ದಾಗ, ಅಕ್ಕ ಯಾವಾಗ ಬಂದು ಮಿಷನಿಗೆ ಕೂತರು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮಿಷನ್ ಮುಚ್ಚಳ ಹಾಕಿಕೊಂಡು ಸುಮ್ಮನೆ ನಿಂತಿತ್ತು; ಆದರೆ ಅದರ ಸದ್ದು ಹಲಗೆಯಾಚೆ ಓಡುತ್ತಿತ್ತು.

ಅಕ್ಕನದ್ದು ಕಾಲಿನಲ್ಲಿ ತುಳಿಯುವ ಮಿಷನ್. ಅದರ ಚರ್ಮದ ಬೆಲ್ಟಿನ ಎರಡು ತುದಿಗಳನ್ನು ಸೇರಿಸಲು ಎಲ್ಲರೂ ಅಂಗಡಿಯಲ್ಲಿ ಸಿಗುವ ಸಣ್ಣ ಕೊಂಡಿ ಹಾಕುತ್ತಾರೆ. ಅಕ್ಕ ಮಾತ್ರ ಬೆಲ್ಟು ಎಷ್ಟು ಸಲ ಬದಲಾದರೂ ದಪ್ಪ ತಾಮ್ರದ ತಂತಿಯನ್ನೇ ಸುತ್ತುತ್ತಾರೆ. ಆ ಗಂಟು ಮೇಲಿನ ಚಕ್ರವನ್ನು ಹತ್ತುವಾಗಲೆಲ್ಲ ಟಿಕ್ ಎನ್ನುತ್ತದೆ. ನಾನು ಒಂದು ವಾರ ಎಣಿಸಿದೆ. ಏಳು ಹೊಲಿಗೆಗೆ ಒಂದು ಟಿಕ್. ಈ ಸದ್ದು ಕೇಳುವ ಕೋಣೆ ಪೈವಳಿಕೆಯಲ್ಲಿ ಎರಡೇ. ಒಂದರಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಹಾಗಾದರೆ ಹಾಡಿದವರು ಯಾರೆಂದು ತಿಳಿಯಲು ಹೆಚ್ಚು ಕಲಿಯಬೇಕಾಗಿರಲಿಲ್ಲ.

ಅವರಿಗೆ ಹೇಳಬೇಕೆನಿಸಿತು. ಮೂರು ದಿನ ಮಾತು ಜೋಡಿಸಿಕೊಂಡು, ನಾಲ್ಕನೆಯ ದಿನ ಹೋಗಿ, ಕುರ್ಚಿಯ ಪಕ್ಕ ನಿಂತು, “ಆ ಹಾಡು ನಿಮ್ಮದು ಅಂತ ನನಗೆ ಗೊತ್ತುಂಟು,” ಎಂದೆ. ಅವರು ತಿರುಗಲೇ ಇಲ್ಲ. ನಾನು ನಿಂತದ್ದು ಬಲಗಡೆ, ಕುರ್ಚಿಗೂ ಹಲಗೆಗೂ ನಡುವಿನ ಸಣ್ಣ ಜಾಗದಲ್ಲಿ. ಆಮೇಲೆ ಕಂಡು, “ಎಂತ ಕಿನ್ನಿ, ರೀಚಾರ್ಜಾ?” ಎಂದು ಕೇಳಿದರು. ಚಿಕ್ಕವರನ್ನೆಲ್ಲ ಅವರು ಕಿನ್ನಿ ಎಂದೇ ಕರೆಯುವುದು. ಹೌದು ಎಂದೆ. ನನ್ನಲ್ಲಿ ಮೊಬೈಲೇ ಇರಲಿಲ್ಲ. ಅಮ್ಮನ ನಂಬರಿಗೆ ಹಾಕಿಸಿಕೊಂಡು ಬಂದೆ.

ಹೀಗೆ ನಾನು ಸುಮ್ಮನಾದೆ. ಆದರೆ ಕಳೆದ ತಿಂಗಳು ವಿಜೇತಣ್ಣ ಮೊಬೈಲ್ ಹಿಡಿದುಕೊಂಡು ಓಡಿ ಬಂದರು. ವಾಸಪ್ಪನ ಹಳೆಯ ಆಲ್ಬಮ್ಮುಗಳು ಸೀಡಿಯಾಗಿ ಬರುತ್ತವಂತೆ, ಹಾಡುಗಳ ಪಟ್ಟಿಯೂ ಬಂದಿದೆ.

“ಏಳು ಗೇಟಿಗೆ ಎಂಟೇ ಹಾಡು! ಒಂಬತ್ತನೆಯದನ್ನು ಕಂಪೆನಿಯವರು ನುಂಗಿದ್ದಾರೆ ಮಾರ್ರೆ.”

“ಬಿಡ್ಲಿಕ್ಕಿಲ್ಲ. ಸೀದಾ ವಾಸಪ್ಪನಿಗೇ ಕಾಗದ ಬರಿ,” ಎಂದರು ಯೋಗೀಶಣ್ಣ.

ಮುಂದಿನ ಶನಿವಾರ ಕಾಗದ ಸಿದ್ಧವಾಗಿತ್ತು. ಅದು ಹೋದರೆ ಉತ್ತರ ಬರುತ್ತದೆ, ನನ್ನದು ಎಂಟೇ ಹಾಡು ಎಂದು ವಾಸಪ್ಪ ಬರೆಯುತ್ತಾನೆ. ಹನ್ನೆರಡು ವರ್ಷ ತಲೆದೂಗಿದವರ ಮುಂದೆ ಪೊರ್ಬುಗಳು ಮೋಸಗಾರರಾಗುತ್ತಾರೆ. ಇದನ್ನು ಯೋಚಿಸಿ ಆ ದಿನ ನನ್ನ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಹಲಗೆಯಾಚೆ ವಿಜೇತಣ್ಣ ಕಾಗದ ಓದಿ ಮುಗಿಸಿದರು. ಆಮೇಲೆ ಪೊರ್ಬುಗಳ ಸ್ವರ, ಅವರಿಗೆ ಸಾಧ್ಯವಾದಷ್ಟು ಸಣ್ಣದಾಗಿ:

“ಅದನ್ನು ಕಳಿಸ್ಬೇಡಿ. ಅದು ವಾಸಪ್ಪ ಅಲ್ಲ. ನಾನು.”

ಯೋಗೀಶಣ್ಣ ಗಹಗಹಿಸಿ ನಕ್ಕರು. “ಆಯ್ತು ಪೊರ್ಬುಗಳೇ! ಕೊಡೆ ಮರೆತದ್ದು ನಾನು, ನನ್ನ ಬಸ್ಸಿನಲ್ಲಿ!”

“ಸತ್ಯ ಮಾರಾಯ. ಬಿ ಸೈಡಿನಲ್ಲಿ ನಾಲ್ಕು ನಿಮಿಷ ಟೇಪ್ ಉಳೀತಿತ್ತು. ಖಾಲಿ ಬಿಟ್ಟು ಕೊಡುವ ಕ್ರಮ ನನ್ನಲ್ಲಿ ಇಲ್ಲ. ಬೇರೆ ಅಂಗಡಿಯವರಾದರೆ ಕೊಡೆ ಮರೆತೆ ತುಂಬಿಸ್ತಾರೆ. ಎಂಟು ಹಾಡು ಕೇಳಿ ಆದ ಮೇಲೆ ಅದು ಬಂದರೆ ಎಂಟೂ ತೊಳೆದು ಹೋಗ್ತದೆ. ಹಾಗೆ ನಾನೇ, ರೆಕಾರ್ಡರಿನ ಮುಳ್ಳು ಮೇಲೆ ಹೋಗದ ಹಾಗೆ ನೋಡಿಕೊಂಡು, ಮೆಲ್ಲ…”

“ನೀವು ಹಾಡಿದ್ರೆ ಉಪ್ಪಳಕ್ಕೆ ಕೇಳ್ತದೆ,” ಎಂದರು ವಿಜೇತಣ್ಣ. “ಸರಿ, ತಾಳ ಹಾಕಿದ್ದು ಯಾರು? ಏಳರ ತಾಳ?”

“ಅದು ಗೊತ್ತಿಲ್ಲ. ರೆಕಾರ್ಡರಿನ ಮೋಟರಿನ ದೋಷ ಇರ್ಬೇಕು.”

ಈಗ ಇಬ್ಬರೂ ಕುರ್ಚಿ ಅಲ್ಲಾಡುವಂತೆ ನಕ್ಕರು. ನಾನು ಹಲಗೆಯ ಸಂದಿನಿಂದ ನೋಡಿದೆ. ಪೊರ್ಬುಗಳ ಮುಖ ಕೆಂಪಾಗಿತ್ತು. ಸುಳ್ಳು ಹೊರಬೀಳಬಹುದೆಂದು ಇಷ್ಟು ವರ್ಷ ಹೆದರಿದವರಿಗೆ ಸತ್ಯವನ್ನೇ ಯಾರೂ ನಂಬದ ದಿನ ಬಂದಿತ್ತು.

ಹೋಗಿ ಹೇಳಲು ನನ್ನಿಂದ ಆಗಲಿಲ್ಲ. ಮಿಷನಿನ ಮುಚ್ಚಳ ತೆಗೆದೆ. ಒಂದು ತುಂಡು ಬಟ್ಟೆಯನ್ನು ಸೂಜಿಯಡಿ ಇಟ್ಟು ತುಳಿಯತೊಡಗಿದೆ. ಕಟಕಟ ಕಟಕಟ ಕಟಕಟ ಕಟ, ಟಿಕ್. ಒಂದೇ ಸಮನೆ, ಅಕ್ಕ ತುಳಿಯುವ ಹಾಗೆಯೇ.

ಮೂರನೆಯ ಟಿಕ್ಕಿಗೆ ಹಲಗೆಯಾಚೆ ನಗು ನಿಂತಿತು. ನಾನು ನಿಲ್ಲಿಸಲಿಲ್ಲ. ಬಟ್ಟೆ ಮುಗಿದ ಮೇಲೂ ಬರೀ ತುಳಿದೆ. ಕೊನೆಗೆ ಬಾಗಿಲಲ್ಲಿ ಮೂವರೂ ನಿಂತಿದ್ದರು. ಪೊರ್ಬುಗಳು ಒಳಗೆ ಬಂದು ಬಗ್ಗಿ ಎಡಗಿವಿಯನ್ನು ಮಿಷನಿನ ಮರಕ್ಕೆ ಇಟ್ಟರು. ತಮ್ಮ ಅಂಗಡಿಯಲ್ಲಿ ಅವರು ಕೂರುವುದು ಬಲಗಿವಿಯನ್ನು ಹಲಗೆಯ ಗೋಡೆಗೆ ಕೊಟ್ಟು. ಹನ್ನೆರಡು ವರ್ಷದ ಹಿಂದೆ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಹಾಡುವಾಗಲೂ ಹಾಗೆಯೇ ಕೂತಿದ್ದರಂತೆ. ಅವರಿಗೆ ಕೇಳಿಸದ್ದು ಮೈಕಿಗೆ ಕೇಳಿಸಿತ್ತು.

“ಹರಿಣಾಕ್ಷಿಯಾ!” ಎಂದರು.

“ಹನ್ನೆರಡು ವರ್ಷ ನಮ್ಮನ್ನು ಮಂಗ ಮಾಡಿದ್ರಲ್ಲ ಪೊರ್ಬುಗಳೇ,” ಎಂದರು ವಿಜೇತಣ್ಣ. ಸ್ವರದಲ್ಲಿ ನಿಜವಾದ ಸಿಟ್ಟಿತ್ತು.

“ಮೊದಲ ತಿಂಗಳೇ ಹೇಳ್ಬೇಕಿತ್ತು. ನೀವು ಅಷ್ಟು ಚಂದ ಉಂಟು ಅಂತ ಹೇಳಿದ್ರಿ. ಇಗರ್ಜಿಯ ಗಾಯನದಲ್ಲಿ ನನ್ನ ಸ್ವರ ಜೋರಾಗ್ತದೆ ಅಂತ ಹಾಡುವವರ ಸಾಲಿನಿಂದ ತೆಗೆದು ಕೆಳಗೆ ಕೂರಿಸಿದ ವರ್ಷ ಅದು. ಮತ್ತೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ನೀವು ಶನಿವಾರ ಬರ್ಲಿಕ್ಕಿಲ್ಲ ಅಂತ…”

ವಿಜೇತಣ್ಣ ಕಾಗದವನ್ನು ಮಡಚಿ ಕಿಸೆಗೆ ಹಾಕಿ ಹೊರಟುಹೋದರು. ಯೋಗೀಶಣ್ಣ ಬಹಳ ಹೊತ್ತು ಮಿಷನಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಟಿಕ್ ಬಂದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು. “ಗೇಟು ಅಂತ ಹೇಳಿದ್ದೆ ನಾನು. ಎಂಥಾ ಗೇಟು!”

ಅಷ್ಟರಲ್ಲಿ ಹರಿಣಾಕ್ಷಿ ಅಕ್ಕ ಬಂದರು. ಮಿಷನಿನ ಸದ್ದಿನ ವಿಷಯ ಮಾತ್ರ ಹೇಳಿ ಕ್ಯಾಸೆಟ್ ಹಾಕಿದರು. ಅಕ್ಕ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿ, “ಇದು ರವಿಕೆ ಅಲ್ಲ. ಲಂಗದ ಅಂಚು. ನಡುವೆ ನಿಲ್ಲಿಸದೆ ಇಷ್ಟು ಉದ್ದ ಓಡ್ಬೇಕಾದ್ರೆ ಲಂಗವೇ,” ಎಂದರು. ಆಮೇಲೆ, “ಯಾರು ಹಾಡುದು? ಪಾಪ, ಒಳ್ಳೆ ಸ್ವರ,” ಎಂದರು. ಪೊರ್ಬುಗಳು ಆ ಮಾತನ್ನು ಎಡಗಿವಿಯಿಂದಲೇ ಕೇಳಿದರು.

ಮುಂದಿನ ಶನಿವಾರ ಐದು ಗಂಟೆಗೆ ಯೋಗೀಶಣ್ಣ ಬಂದರು. ಐದೂವರೆಗೆ ವಿಜೇತಣ್ಣನೂ ಬಂದು, ಏನೂ ಆಗದವರ ಹಾಗೆ ಸ್ಟೂಲು ಎಳೆದು ಕೂತರು. ಕಿಸೆಯಿಂದ ಹಳೆಯ ಕ್ಯಾಸೆಟ್ಟಿನ ಕಾಗದ ತೆಗೆದು ಪೊರ್ಬುಗಳ ಮುಂದಿಟ್ಟು, “ಒಂಬತ್ತನೆಯ ಗೆರೆ ಖಾಲಿ ಉಂಟು. ಬರೀರಿ,” ಎಂದರು. ಪೊರ್ಬುಗಳು ಪೆನ್ನು ಹಿಡಿದು ಬಹಳ ಯೋಚಿಸಿ, ಅಚ್ಚಿನಂಥ ಅಕ್ಷರದಲ್ಲಿ ‘ಲಂಗದ ಅಂಚು’ ಎಂದು ಬರೆದರು. ಇನ್ನೊಮ್ಮೆ ಹಾಡಿ ಎಂದರೆ, “ಟೇಪ್ ಉಳಿದರೆ ನೋಡುವ,” ಎಂದರು.

ಅಂದಿನಿಂದ ಅವರ ಕುರ್ಚಿ ತಿರುಗಿದೆ. ಈಗ ಅವರು ಎಡಗಿವಿಯನ್ನು ಹಲಗೆಗೆ ಕೊಟ್ಟು ಕೂರುತ್ತಾರೆ. ಗಿರಾಕಿಗಳು ಬಲಗಡೆ ನಿಂತು ಎರಡೆರಡು ಸಲ ಕರೆಯಬೇಕಾಗುತ್ತದೆ.

ಪೊರ್ಬುಗಳಂಥವರು ಬೇರೆ ಊರುಗಳಲ್ಲಿಯೂ ಇರಬಹುದು ಎಂದು ನನಗನಿಸುತ್ತದೆ. ಇನ್ನೊಬ್ಬರ ಹಾಡನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿ, ಅದನ್ನು ಊರಿಗೆಲ್ಲ ಹಂಚಿ, ತಮಗೆಂದು ಕೊನೆಯಲ್ಲಿ ಉಳಿದ ಸ್ವಲ್ಪ ಜಾಗವನ್ನು ಮಾತ್ರ ತೆಗೆದುಕೊಳ್ಳುವವರು. ಅಲ್ಲಿಯೂ ಹೆಸರು ಬರೆಯದವರು. ಅವರು ಮೋಸ ಮಾಡಿದರೆಂದು ಹೇಳುವುದೂ ಸರಿ. ಅದು ಮಾತ್ರ ಅಲ್ಲ. ಅಂಥವರ ಪಕ್ಕದಲ್ಲಿ ಯಾರಾದರೂ ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿದ್ದರೆ, ಅದೂ ಹಾಡಿನೊಳಗೆ ಸೇರಿಹೋಗುತ್ತದೆ. ಇಬ್ಬರಿಗೂ ಅದು ಗೊತ್ತಾಗದಿರಬಹುದು.

ನಾಳೆ ಇದನ್ನು ಪೊರ್ಬುಗಳಿಗೆ ಓದಿ ಹೇಳುತ್ತೇನೆ. ಎಡಗಡೆ ನಿಂತು ಓದುತ್ತೇನೆ. ಅವರು ಒಪ್ಪಿದರೆ ಸೋಮವಾರ ಗ್ರಂಥಾಲಯಕ್ಕೆ ಕೊಡುತ್ತೇನೆ.